ಬೈಲುಕುಪ್ಪೆಯಲ್ಲಿ ಹುಟ್ಟಿದವರು ಟಿಬೆಟಿಯನ್ನರ ನಾಯಕರಾದರು, ನಮ್ಮ ಸುದ್ದಿಯವರಿಗೆ ಮಾತ್ರ ಅಲ್ಲಿನ ಗೋಲ್ಡನ್ ಟೆಂಪಲ್ ಬಿಟ್ಟು ಬೇರೇನೂ ಕಾಣಲಿಲ್ಲ

ಕೊಪ್ಪದ ಮಂಜು:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಮನಸ್ಸಲ್ಲಿತ್ತು, ಇವತ್ತು ಬರೆದೇಬಿಡೋಣ ಅಂತ ಕೂತಿದ್ದೀನಿ. ಸ್ವಲ್ಪ ಉದ್ದ ಆಗಬಹುದು.

ನಮ್ಮೂರು ಕೊಪ್ಪ. ಚಿಕ್ಕಮಗಳೂರಿನ ಕೊಪ್ಪ ಅಲ್ಲ, ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಸಿಗುತ್ತಲ್ಲ, ಆ ಕೊಪ್ಪ. ಅಪ್ಪನ ಕಾಲದಿಂದ ಗೊಬ್ಬರ, ಬಿತ್ತನೆ ಬೀಜದ ಅಂಗಡಿ ಇದೆ. ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಬೈಲುಕುಪ್ಪೆಯ ಟಿಬೆಟಿಯನ್ ನಿರಾಶ್ರಿತರ ಕ್ಯಾಂಪಿನವರೇ. ಅವರ ಮಕ್ಕಳ ಜೊತೆ ಆಡಿ ಬೆಳೆದವನು ನಾನು.

2021ರ ಏಪ್ರಿಲ್ 11, ಭಾನುವಾರ. ಮುಸುಕಿನ ಜೋಳದ ಬೀಜದ ಬಾಕಿ ವಸೂಲಿಗೆ ಅಂತ ಒಂದು ಕ್ಯಾಂಪಿಗೆ ಹೋಗಿದ್ದೆ. ಮನೆಯಲ್ಲಿ ಯಾರೂ ಇಲ್ಲ. ಎಲ್ಲರೂ ಮಾಸ್ಕ್ ಹಾಕ್ಕೊಂಡು ಒಂದು ಹಾಲ್ ಮುಂದೆ ಸಾಲು ನಿಂತಿದ್ದಾರೆ. ಅವತ್ತು ಅವರ ಚುನಾವಣೆ. ಜಗತ್ತಿನ ಬೇರೆ ಬೇರೆ ಊರಲ್ಲಿ ಇರುವ ಟಿಬೆಟಿಯನ್ನರು ಒಂದೇ ದಿನ ವೋಟು ಹಾಕಿ ತಮ್ಮ ಸಿಕ್ಯೋಂಗ್‌ನ ಆರಿಸುತ್ತಾರೆ. ಸಿಕ್ಯೋಂಗ್ ಅಂದರೆ ಧರ್ಮಶಾಲಾದಲ್ಲಿರುವ ಅವರ ಆಡಳಿತದ ಮುಖ್ಯಸ್ಥ, ಪ್ರಧಾನಿ ಇದ್ದ ಹಾಗೆ. ಸಾಲಿನಲ್ಲಿ ಒಬ್ಬ ಅಜ್ಜಿ ಇದ್ದರು. ಒಂದು ಕೈಯಲ್ಲಿ ತಿರುಗುವ ಜಪಚಕ್ರ, ಇನ್ನೊಂದು ಕೈಯಲ್ಲಿ ಹಸಿರು ಪುಸ್ತಕ, ಅಂದರೆ ಟಿಬೆಟಿಯನ್ನರ ಗುರುತಿನ ದಾಖಲೆ. ಪುಸ್ತಕಕ್ಕೆ ಪ್ಲಾಸ್ಟಿಕ್ ಕವರು, ಅದರ ಮೇಲೆ ಎರಡು ರಬ್ಬರ್ ಬ್ಯಾಂಡು. ಬಿಸಿಲು ಜಾಸ್ತಿ ಇದೆ, ಕೂತ್ಕೊಳ್ಳಿ ಅಂತ ಯಾರೋ ಕುರ್ಚಿ ತಂದು ಕೊಟ್ಟರು. ಅವರು ಕೂರಲಿಲ್ಲ. ಕೂತರೆ ಸಾಲು ತಪ್ಪುತ್ತೆ ಅನ್ನೋ ಹಾಗೆ ಕುರ್ಚಿಯ ಬೆನ್ನು ಹಿಡ್ಕೊಂಡೇ ನಿಂತಿದ್ದರು. ನಾನು ಬಾಕಿ ವಿಷಯ ಎತ್ತದೆ ವಾಪಸ್ ಬಂದೆ.

ಮೇ 14ಕ್ಕೆ ಫಲಿತಾಂಶ ಬಂತು. ಪೆನ್ಪಾ ತ್ಸೆರಿಂಗ್ ಗೆದ್ದರು. ಅವರಿಗೆ 34,324 ವೋಟು, ಎದುರಾಳಿ ಕೆಲ್ಸಾಂಗ್ ದೋರ್ಜೆ ಅವರಿಗೆ 28,907. ಈ ಪೆನ್ಪಾ ತ್ಸೆರಿಂಗ್ ಯಾರು ಗೊತ್ತಾ? 1967ರಲ್ಲಿ ಹುಟ್ಟಿದ್ದು ಇಲ್ಲೇ, ನಮ್ಮ ಬೈಲುಕುಪ್ಪೆಯಲ್ಲಿ. ಓದಿದ್ದು ಇಲ್ಲಿನ ಶಾಲೆಯಲ್ಲಿ. ಪಿರಿಯಾಪಟ್ಟಣ ತಾಲ್ಲೂಕಿನ ನೆಲದಲ್ಲಿ ಹುಟ್ಟಿದ ಮನುಷ್ಯ ಒಂದು ಇಡೀ ಜನಾಂಗದ ನಾಯಕ ಆದ! ಮಾರನೇ ದಿನ ಮನೆಗೆ ಬರುವ ಪೇಪರನ್ನ ಮೊದಲ ಪುಟದಿಂದ ಕೊನೆ ಪುಟದವರೆಗೂ ಹುಡುಕಿದೆ. ಒಳಪುಟದಲ್ಲಿ ನಾಲ್ಕು ಸಾಲು ಇತ್ತು, ಬೈಲುಕುಪ್ಪೆ ಅನ್ನೋ ಹೆಸರೇ ಇರಲಿಲ್ಲ.

ಆಮೇಲೆ 2025ರ ಜುಲೈ. ದಲೈ ಲಾಮಾ ಅವರಿಗೆ 90 ತುಂಬಿದಾಗ ಒಂದು ಟಿವಿಯವರು ನಮ್ಮ ಅಂಗಡಿ ಮುಂದೆ ಕ್ಯಾಮೆರಾ ಇಟ್ಟರು. ನನಗೆ ಕೇಳಿದ ಮೊದಲ ಪ್ರಶ್ನೆ: "ಕ್ಯಾಂಪಿನಲ್ಲಿ ಚೀನಾದ ಗೂಢಚಾರರು ಇದ್ದಾರೆ ಅಂತಾರಲ್ಲ, ನಿಮಗೆ ಯಾರ ಮೇಲಾದರೂ ಅನುಮಾನ ಇದೆಯಾ?" ನಾನು ಇಲ್ಲ ಅಂದೆ. ಅವರ ಚುನಾವಣೆ ಬಗ್ಗೆ ಹೇಳ್ತೀನಿ, ಸಂಸತ್ತಿನ ಬಗ್ಗೆ ಹೇಳ್ತೀನಿ ಅಂದೆ. "ಅದು ಬೇಡ ಸಾರ್, ಒಂದು ಬೈಟ್ ಸಾಕು" ಅಂದರು. ಸಂಜೆ ನೋಡಿದರೆ ನನ್ನ ಮಾತೇ ಇಲ್ಲ. ಗೋಲ್ಡನ್ ಟೆಂಪಲ್‌ನ ಮೂರು ದೊಡ್ಡ ಮೂರ್ತಿಗಳು, ಕೆಂಪು ಬಟ್ಟೆಯ ಪುಟ್ಟ ಸನ್ಯಾಸಿಗಳು, ಮೋಮೋ, ಅದರ ಮೇಲೆ ಭಯ ಹುಟ್ಟಿಸುವ ಸಂಗೀತ.

ನನ್ನ ಪ್ರಶ್ನೆ ಇಷ್ಟೇ. 60 ವರ್ಷಕ್ಕೂ ಜಾಸ್ತಿ ಪಕ್ಕದಲ್ಲೇ ಇರುವ ಜನ. ಅವರಿಗೆ ಪಕ್ಷ ಇದೆ, ಜಗಳ ಇದೆ, ಸಂಸತ್ತು ಇದೆ. ಅದನ್ನೆಲ್ಲ ರಾಜಕೀಯ ಅಂತ ನೋಡದೆ ಒಂದೋ ಪವಾಡ ಅಂತ, ಇಲ್ಲವೇ ಸಂಚು ಅಂತ ತೋರಿಸೋದು ಯಾಕೆ?

ಮುಂಡಗೋಡದವ:

ಮಂಜು ಅವರೇ, ನಮ್ಮ ಕಡೆಯ ಕಥೆಯೂ ಇದೇ. ನಾವು ಲಾಮಾ ಕ್ಯಾಂಪು ಅಂತೀವಿ. 1966ರಿಂದ ಇದ್ದಾರೆ. ಡ್ರೆಪುಂಗ್, ಗಾಂದೆನ್ ಅಂತ ಟಿಬೆಟ್‌ನ ದೊಡ್ಡ ದೊಡ್ಡ ಮಠಗಳನ್ನ ಇಲ್ಲಿ ಮತ್ತೆ ಕಟ್ಟಿಕೊಂಡಿದ್ದಾರೆ.

2011ರ ಜನವರಿ ನನಗೆ ಚೆನ್ನಾಗಿ ನೆನಪಿದೆ. ಧರ್ಮಶಾಲಾ ಹತ್ತಿರ ಕರ್ಮಾಪಾ ಅಂತ ಟಿಬೆಟಿಯನ್ನರ ಒಬ್ಬ ದೊಡ್ಡ ಧರ್ಮಗುರು ಇದ್ದ ಮಠದ ಮೇಲೆ ಪೊಲೀಸರು ದಾಳಿ ಮಾಡಿದರು, ಕೋಟಿಗಟ್ಟಲೆ ಬೆಲೆಯ ವಿದೇಶಿ ನೋಟು ಸಿಕ್ಕಿತು. ಅದರಲ್ಲಿ ಚೀನಾದ ಯುವಾನ್ ಕೂಡ ಇತ್ತು. ಸಾಕಲ್ಲ? ಒಂದು ವಾರ ಟಿವಿಯಲ್ಲಿ "ಚೀನಾದ ಏಜೆಂಟ್" ಅಂತ ಒಂದೇ ಸಮನೆ ಕೂಗಿದರು. ಭಕ್ತರು ಹತ್ತಾರು ದೇಶದಿಂದ ಬರುತ್ತಾರೆ, ಅವರವರ ದೇಶದ ನೋಟನ್ನೇ ಕಾಣಿಕೆ ಹಾಕುತ್ತಾರೆ, ಟಿಬೆಟ್‌ನಿಂದ ಬಂದವರು ಹಾಕೋದು ಯುವಾನ್. ಇದನ್ನ ಯೋಚನೆ ಮಾಡೋಕೆ ದೊಡ್ಡ ತನಿಖೆ ಬೇಕಾಗಿರಲಿಲ್ಲ. ಲೆಕ್ಕ ಸರಿಯಾಗಿ ಇಟ್ಟಿರಲಿಲ್ಲ, ಅದು ತಪ್ಪೇ. ಆದರೆ ಲೆಕ್ಕದ ತಪ್ಪಿಗೂ ಬೇಹುಗಾರಿಕೆಗೂ ಎಷ್ಟು ದೂರ?

ಆ ವಾರ ನಾನು ಹುಬ್ಬಳ್ಳಿ ಬಸ್ಸಿನಲ್ಲಿ ಬರ್ತಾ ಇದ್ದೆ. ಇಬ್ಬರು ಲಾಮಾಗಳು ಹತ್ತಿದರು. ಹಿಂದಿನ ಸೀಟಿನಲ್ಲಿ ಕಾಲೇಜು ಹುಡುಗರು "ಏಯ್ ಚೀನಾ" ಅಂತ ಕೂಗಿದರು. ಆ ಲಾಮಾಗಳಲ್ಲಿ ಒಬ್ಬರು ನನಗೆ ಪರಿಚಯ, ನಮ್ಮ ಊರಿನ ಸಂತೆಗೆ ಬರೋರು, ಕನ್ನಡ ಚೆನ್ನಾಗಿ ಬರುತ್ತೆ. ಅವರು ಮುಂಡಗೋಡ ಬರೋವರೆಗೂ ಕಿಟಕಿ ಕಡೆ ಮುಖ ಮಾಡಿ ಕೂತಿದ್ದರು. ಟಿವಿಯವರು ಆಮೇಲೆ ಬೇರೆ ಸುದ್ದಿಗೆ ಹೋದರು. ಇವರ ಮೇಲೆ ಬಿದ್ದ ಕಣ್ಣು ಮಾತ್ರ ಹಾಗೇ ಉಳಿಯಿತು.

ರೈತನ ಮಗ:

ಎಲ್ಲ ಸರಿ. ಆದರೆ ನಾನು ಒಂದು ಮಾತು ನೇರವಾಗಿ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆಶ್ರಯ ಕೊಟ್ಟಿದ್ದೀವಿ, ಜಮೀನು ಕೊಟ್ಟಿದ್ದೀವಿ. ಬೈಲುಕುಪ್ಪೆಯ ಮೊದಲ ಕ್ಯಾಂಪಿಗೇ ಸುಮಾರು 3,000 ಎಕರೆ. ನಮ್ಮಲ್ಲೇ ತುಂಡು ಜಮೀನು ಇಲ್ಲದವರು ಎಷ್ಟು ಜನ ಇದ್ದಾರೆ. ಹೀಗಿರುವಾಗ ನಮ್ಮ ನೆಲದಲ್ಲಿ ಇನ್ನೊಂದು ಸರ್ಕಾರ, ಇನ್ನೊಂದು ಸಂಸತ್ತು ಅಂದರೆ ಏನರ್ಥ? ಆ ಸರ್ಕಾರವನ್ನ ಯಾವ ದೇಶವೂ ಒಪ್ಪಿಲ್ಲ, ಭಾರತವೂ ಒಪ್ಪಿಲ್ಲ. ಮಾಧ್ಯಮದವರು ಅದನ್ನ ದೊಡ್ಡದು ಮಾಡದೇ ಇರೋದೇ ಒಳ್ಳೆಯದು ಅಲ್ವಾ?

ಕೊಪ್ಪದ ಮಂಜು:

ಬೇಜಾರು ಏನೂ ಇಲ್ಲ ಅಣ್ಣ, ನಮ್ಮ ಊರಲ್ಲೂ ಈ ಮಾತು ಹೇಳೋರು ಇದ್ದಾರೆ. ಆ ಜಮೀನು ಗುತ್ತಿಗೆ ಮೇಲೆ ಕೊಟ್ಟಿದ್ದು, ಮಾರೋಕೆ ಅವರಿಗೆ ಹಕ್ಕಿಲ್ಲ. 1960ರಲ್ಲಿ ಮೊದಲು ಬಂದವರಿಗೆ ಸಿಕ್ಕಿದ್ದು ಗದ್ದೆ ಅಲ್ಲ, ಕಾಡು. ನಮ್ಮ ತಾತ ಹೇಳೋರು, ಹಗಲು ಮರ ಕಡಿದು ಸುಡೋರು, ರಾತ್ರಿ ಆನೆ ಓಡಿಸೋಕೆ ಡಬ್ಬ ಬಡಿಯೋರು. ಚಳಿ ದೇಶದಿಂದ ಬಂದವರು, ಇಲ್ಲಿನ ಸೆಖೆಗೆ, ಜ್ವರಕ್ಕೆ ಎಷ್ಟೋ ಜನ ಸತ್ತರು. ನಿಜಲಿಂಗಪ್ಪನವರು ಮಾಡಿದ ಸಹಾಯವನ್ನ ದಲೈ ಲಾಮಾ ಎಷ್ಟೋ ಭಾಷಣದಲ್ಲಿ ನೆನೆದಿದ್ದಾರೆ. ನಮ್ಮ ಎಷ್ಟು ಮಕ್ಕಳಿಗೆ ಆ ವಿಷಯ ಗೊತ್ತು?

ಇನ್ನು ಸಂಸತ್ತಿನ ವಿಷಯ. ಅದಕ್ಕೆ ಪೊಲೀಸ್ ಇಲ್ಲ, ಸೈನ್ಯ ಇಲ್ಲ, ನಮ್ಮ ಕಾನೂನಿಗೆ ಮೇಲೆ ಏನೂ ಇಲ್ಲ. ಶಾಲೆ, ಆಸ್ಪತ್ರೆ, ವೃದ್ಧಾಶ್ರಮ, ಕ್ಯಾಂಪಿನ ಕಚೇರಿ, ಇದನ್ನೆಲ್ಲ ನಡೆಸೋರು ಯಾರು ಅಂತ ಜನ ತಾವೇ ತೀರ್ಮಾನ ಮಾಡೋದು. ಅದು ಬೇಡ ಅಂದರೆ ಯಾರೋ ನಾಲ್ಕು ಜನ ದೊಡ್ಡವರು ಮುಚ್ಚಿದ ಬಾಗಿಲ ಹಿಂದೆ ತೀರ್ಮಾನ ಮಾಡ್ತಾರೆ. ಯಾವುದು ಒಳ್ಳೆಯದು ನೀವೇ ಹೇಳಿ.

ಡೋಲ್ಮಾ ಬೆಂಗಳೂರು:

ನಾನು ಬೈಲುಕುಪ್ಪೆಯಲ್ಲಿ ಹುಟ್ಟಿದವಳು. ಕನ್ನಡ ಕಲಿತಿದ್ದು ಪಕ್ಕದ ಹೊಲದ ಹುಡುಗಿಯರ ಜೊತೆ ಆಡಿ, ಬರೆಯೋದು ಕಲಿತಿದ್ದು ಕುಶಾಲನಗರದಲ್ಲಿ ಪಿಯುಸಿ ಓದುವಾಗ. ತಪ್ಪಿದ್ದರೆ ತಿದ್ದಿ. ಇಷ್ಟು ದಿನ ಸುಮ್ನೆ ಓದಿ ಹೋಗ್ತಿದ್ದೆ, ಇವತ್ತು ತಡೆಯೋಕೆ ಆಗಲಿಲ್ಲ.

ಮಂಜು ಅಣ್ಣ ಹೇಳಿದ್ದು ಸರಿ. ಆದರೆ ಅರ್ಧ ಸರಿ. ಹೊರಗಿನ ಮಾಧ್ಯಮ ನಮ್ಮ ರಾಜಕೀಯ ತೋರಿಸಲ್ಲ ಅನ್ನೋದು ನಿಜ. ನಾವೂ ತೋರಿಸೋಕೆ ಬಿಡಲ್ಲ ಅನ್ನೋದು ಅಷ್ಟೇ ನಿಜ.

2021ರಲ್ಲಿ ಏನಾಯ್ತು ಗೊತ್ತಾ? ಮಾರ್ಚ್‌ನಲ್ಲಿ ನಮ್ಮ ಸಂಸತ್ತು ನಮ್ಮದೇ ನ್ಯಾಯ ಆಯೋಗದ (ಅದು ನಮ್ಮ ಸುಪ್ರೀಂ ಕೋರ್ಟ್ ಇದ್ದ ಹಾಗೆ) ಮೂವರನ್ನೂ ತೆಗೆದುಹಾಕಿತು. ಹಾಗೆ ತೆಗೆಯೋ ಅಧಿಕಾರ ಅವರಿಗೆ ಇದೆಯಾ ಇಲ್ವಾ ಅಂತ ದೊಡ್ಡ ಜಗಳ. ಆ ಮೂವರು ಮತ್ತೆ ಬಂದು ಕುರ್ಚಿಯಲ್ಲಿ ಕೂತರು. ಹೊಸದಾಗಿ ಗೆದ್ದ ಸಂಸದರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಅವರ ಮುಂದೆ ಪ್ರಮಾಣ ವಚನ ತಗೊಳ್ಳಲ್ಲ ಅಂತ ಹಟ ಹಿಡಿದರು. ಒಟ್ಟು 45 ಸ್ಥಾನದ ಸಂಸತ್ತು ಅದು, ಅಕ್ಟೋಬರ್‌ವರೆಗೂ ಸೇರೋಕೇ ಆಗಲಿಲ್ಲ. ಕೋವಿಡ್ ಸಮಯ ಬೇರೆ. ನಮ್ಮ ಮನೆಯಲ್ಲಿ ಅಪ್ಪ ಒಂದು ಕಡೆ, ಚಿಕ್ಕಪ್ಪ ಒಂದು ಕಡೆ. ಎರಡು ತಿಂಗಳು ಮಾತಿಲ್ಲ. ಅಮ್ಮ ಒಂದೇ ಪಾತ್ರೆಯಲ್ಲಿ ತುಕ್ಪಾ ಮಾಡಿ ಎರಡು ಮನೆಗೆ ಬೇರೆ ಬೇರೆ ಹೊತ್ತಿಗೆ ಕಳಿಸೋರು.

ಇದು ಸಂವಿಧಾನದ ಪ್ರಶ್ನೆ ಅಲ್ವಾ? ಸಂಸತ್ತು ದೊಡ್ಡದಾ, ನ್ಯಾಯಾಲಯ ದೊಡ್ಡದಾ? ನಿಮ್ಮ ದೇಶದಲ್ಲೂ ಇದೇ ಪ್ರಶ್ನೆ ಎಷ್ಟು ಸಲ ಬಂದಿದೆ. ಆದರೆ ನಮ್ಮ ಹಿರಿಯರು ಹೇಳಿದ್ದು ಒಂದೇ ಮಾತು: ಮನೆ ಜಗಳ ಬೀದಿಗೆ ತರಬೇಡಿ, ಚೀನಾದವರು ನಗ್ತಾರೆ. ಅವರು ಹೇಳೋದರಲ್ಲಿ ಸುಳ್ಳಿಲ್ಲ. ಚೀನಾದ ಸರ್ಕಾರಿ ಮಾಧ್ಯಮ ನಮ್ಮನ್ನ ಯಾವತ್ತೂ "ದಲೈ ಗುಂಪು" ಅಂತಲೇ ಕರೆಯೋದು. ನಾವು ಜಗಳ ಆಡಿದರೆ ನೋಡಿ ಒಡೆದುಹೋದರು ಅಂತಾರೆ, ಜಗಳ ಆಡದಿದ್ದರೆ ಒಬ್ಬರ ಮಾತಿಗೆ ತಲೆ ಆಡಿಸೋರು ಅಂತಾರೆ. ಈ ಭಯದಲ್ಲಿ ನಾವು ನಮ್ಮ ಬಾಯಿ ನಾವೇ ಮುಚ್ಚಿಕೊಂಡಿದ್ದೀವಿ.

ಧರ್ಮಶಾಲಾದಲ್ಲಿ "ಮಾಂಗ್ತ್ಸೋ" ಅಂತ ಒಂದು ಟಿಬೆಟನ್ ಪತ್ರಿಕೆ ಇತ್ತು. ಆ ಪದದ ಅರ್ಥ ಪ್ರಜಾಪ್ರಭುತ್ವ ಅಂತ. ಯಾರ ಹಂಗಿಗೂ ಬೀಳದೆ ಬರೀತಿದ್ದರು. 1996ರಲ್ಲಿ ನಿಂತುಹೋಯಿತು. ನಿಲ್ಲಿಸೋ ಹಾಗೆ ಮಾಡಿದ ಒತ್ತಡ ಬೀಜಿಂಗ್‌ನಿಂದ ಬಂದದ್ದಲ್ಲ, ನಮ್ಮವರಿಂದಲೇ ಬಂದದ್ದು. ಇದನ್ನ ಬರೆಯುವಾಗ ನನಗೆ ಇವತ್ತಿಗೂ ಕೈ ತಡೆಯುತ್ತೆ, ಆದರೂ ಬರೀತೀನಿ.

ಹಳೇ ಸ್ಟ್ರಿಂಗರ್:

ತಂಗಿ ಡೋಲ್ಮಾ, ನಿಮ್ಮ ಕನ್ನಡದಲ್ಲಿ ತಿದ್ದೋಕೆ ಏನೂ ಇಲ್ಲ.

ನಾನು 11 ವರ್ಷ ಮೈಸೂರು ಜಿಲ್ಲೆಯಲ್ಲಿ ಸ್ಟ್ರಿಂಗರ್, ಅಂದರೆ ಪೇಪರಿನ ಬಿಡಿ ವರದಿಗಾರ ಆಗಿದ್ದೆ, ಈಗ ಬಿಟ್ಟಿದ್ದೀನಿ. ಯಾವ ಪೇಪರು ಅಂತ ಹೇಳಲ್ಲ. ಸುದ್ದಿ ಯಾಕೆ ಹೀಗೆ ಬರುತ್ತೆ ಅಂತ ಒಳಗಿನಿಂದ ಹೇಳ್ತೀನಿ.

ಬೈಲುಕುಪ್ಪೆ ನನ್ನ ಭಾಗಕ್ಕೆ ಬರ್ತಿತ್ತು. ಡೆಸ್ಕ್‌ನಿಂದ ವರ್ಷಕ್ಕೆ ಮೂರು ಸಲ ಫೋನು. ಲೋಸಾರ್, ಅಂದರೆ ಅವರ ಹೊಸ ವರ್ಷದ ಹಬ್ಬಕ್ಕೆ ಒಂದು, ಮಾರ್ಚ್ 10ರ ಮೆರವಣಿಗೆಗೆ ಒಂದು, ದಲೈ ಲಾಮಾ ಬಂದರೆ ಒಂದು. ಹಬ್ಬಕ್ಕೆ ಫೋಟೋ ಬೇಕು, ಅದೂ ಮುಖವಾಡ ಹಾಕಿ ಕುಣಿಯೋ ಫೋಟೋ. ಮಾರ್ಚ್ 10ಕ್ಕೆ ಮುಖಕ್ಕೆ ಬಾವುಟದ ಬಣ್ಣ ಬಳಿದುಕೊಂಡು ಅಳುವ ಹುಡುಗಿ ಸಿಕ್ಕರೆ ಒಳ್ಳೆಯದು. 1959ರಲ್ಲಿ ಲ್ಹಾಸಾದಲ್ಲಿ ಜನ ಎದ್ದ ದಿನ ಅದು ಅಂತ ಒಂದು ಸಾಲು ಬರೆದರೆ ಮುಗೀತು. ಬರೆದದ್ದು ಎಷ್ಟೋ ಅಷ್ಟು ಅಳತೆ ಮೇಲೆ ದುಡ್ಡು, ಪೆಟ್ರೋಲ್ ಖರ್ಚು ಕೈಯಿಂದ.

2015ರ ಕೊನೆಯಲ್ಲಿ ಅವರ ಚುನಾವಣೆಯ ಮೊದಲ ಸುತ್ತು ನಡೀತು. ಲುಕರ್ ಜಾಮ್ ಅಂತ ಒಬ್ಬ ಅಭ್ಯರ್ಥಿ, ಚೀನಾದ ಜೈಲಲ್ಲಿ ಇದ್ದು ಬಂದವರು. ದಲೈ ಲಾಮಾ ಅವರದು ಮಧ್ಯಮ ಮಾರ್ಗ, ಚೀನಾದ ಒಳಗೇ ಇದ್ದು ನಿಜವಾದ ಸ್ವಾಯತ್ತತೆ ಕೇಳೋದು. ಲುಕರ್ ಜಾಮ್ ಅದಲ್ಲ, ನಮಗೆ ಬೇಕಿರೋದು ರಂಗ್ಜೆನ್, ಪೂರ್ತಿ ಸ್ವಾತಂತ್ರ್ಯ ಅಂದರು. ಮೂರನೇ ಸ್ಥಾನ ಬಂತು. ಆ ಸುತ್ತಿನ ವೋಟು ಮುಗಿದ ಮೇಲೆ ಎರಡನೆಯವರಿಗೂ ಮೂರನೆಯವರಿಗೂ ವೋಟಿನ ಅಂತರ ಜಾಸ್ತಿ ಇದ್ದರೆ ಇಬ್ಬರೇ ಕಣದಲ್ಲಿ ಅಂತ ನಿಯಮ ತಂದು ಅವರನ್ನ ಕೊನೆಯ ಸುತ್ತಿನಿಂದ ಹೊರಗಿಟ್ಟರು. ಕ್ಯಾಂಪಿನ ಚಹಾ ಅಂಗಡಿಗಳಲ್ಲಿ ಇದೇ ಮಾತು. ಹುಡುಗರು ಒಂದು ಥರ, ಹಿರಿಯರು ಇನ್ನೊಂದು ಥರ. ಗುರುಗಳ ದಾರಿ ಬಿಡೋದು ಅಂದರೆ ಗುರುಗಳಿಗೆ ಅವಮಾನ ಅಂತ ಹಿರಿಯರ ಕಣ್ಣಲ್ಲಿ ನೀರು. ನಾನು ಮೂರು ದಿನ ಓಡಾಡಿ 700 ಪದ ಬರೆದು ಕಳಿಸಿದೆ. ಡೆಸ್ಕ್‌ನವರು ಕೇಳಿದ್ದು: "ಇದಕ್ಕೂ ನಮ್ಮ ಓದುಗರಿಗೂ ಏನು ಸಂಬಂಧ? ಇದರಲ್ಲಿ ಗಲಾಟೆ ಏನಾದ್ರೂ ಆಗಿದೆಯಾ?" ಗಲಾಟೆ ಆಗಿಲ್ಲ ಅಂದೆ. ಬರಲಿಲ್ಲ.

ಆದರೆ 2008ರಲ್ಲಿ, ದಲೈ ಲಾಮಾ ಬೇಡ ಅಂದಿದ್ದ ಶುಗ್ದೆನ್ ದೇವತೆಯ ಪೂಜೆ ವಿಷಯಕ್ಕೆ ಮಠಗಳು ಒಡೆದಾಗ ಜಾಗ ಸಿಕ್ಕಿತ್ತು. ಬೈಲುಕುಪ್ಪೆಯಲ್ಲಿ ಸೆರ್ಪೋಮ್, ಮುಂಡಗೋಡದಲ್ಲಿ ಶಾರ್ ಗಾಂದೆನ್ ಅಂತ ಬೇರೆ ಮಠ ಆದವು. ಸನ್ಯಾಸಿಗಳ ಕಿತ್ತಾಟ ಅಂತ ಶೀರ್ಷಿಕೆ. ಅದರ ಹಿಂದೆ ಎಷ್ಟು ವರ್ಷದ ನೋವಿದೆ, 1997ರಲ್ಲಿ ಧರ್ಮಶಾಲಾದಲ್ಲಿ ಮೂವರು ಸನ್ಯಾಸಿಗಳ ಕೊಲೆ ಆಗಿತ್ತು, ಆ ಪೂಜೆ ಮಾಡೋ ಸಾಮಾನ್ಯ ಜನ ಅಂಗಡಿಗೆ ಹೋಗೋಕೂ ಹೆದರೋ ಹಾಗಾಗಿತ್ತು, ಇದೆಲ್ಲ ಬರೆಯೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಇನ್ನೊಂದು ತಪ್ಪು ನಾನೂ ಮಾಡಿದ್ದೀನಿ. ಒಂದು ಅಕ್ಷರ ಟಿಬೆಟನ್ ಕಲೀಲಿಲ್ಲ. ಕ್ಯಾಂಪಿನ ಕಚೇರಿಯಿಂದ ಇಂಗ್ಲಿಷಿನಲ್ಲಿ ಪ್ರಕಟಣೆ ಬಂದರೆ ಅದನ್ನೇ ಕನ್ನಡ ಮಾಡಿ ಕಳಿಸ್ತಿದ್ದೆ. ಅಂದರೆ ಅಧಿಕಾರದಲ್ಲಿ ಇರೋರ ಮಾತು ಮಾತ್ರ ಕನ್ನಡಕ್ಕೆ ಬಂತು.

ಮುಂಡಗೋಡದವ:

ಸಾರ್, ಆ 700 ಪದ ಇನ್ನೂ ನಿಮ್ಮ ಹತ್ತಿರ ಇದೆಯಾ? ಇದ್ದರೆ ಇಲ್ಲೇ ಹಾಕಿ.

ಟೊರೊಂಟೊ ಸುಮಾ:

ಇಲ್ಲಿ ಪಾರ್ಕ್‌ಡೇಲ್ ಅಂತ ಒಂದು ಬಡಾವಣೆ ಇದೆ, ಜನ ಲಿಟಲ್ ಟಿಬೆಟ್ ಅಂತಾರೆ. ಒಂದು ಮೋಮೋ ಅಂಗಡಿಯಲ್ಲಿ ನಾನು ಮಗಳಿಗೆ ಕನ್ನಡದಲ್ಲಿ ಗದರ್ತಾ ಇದ್ದೆ. ಕೌಂಟರ್‌ನಲ್ಲಿದ್ದ ಆಂಟಿ "ಪಾಪ, ಬಿಡಮ್ಮ, ಮಗು" ಅಂದರು! ಅವರು ಹುಣಸೂರು ಹತ್ತಿರ ಗುರುಪುರ ಕ್ಯಾಂಪಿನವರು. ನನಗೆ ಅಳು ಬಂತು.

ಅವರು ಹೇಳಿದ ಒಂದು ವಿಷಯ ಯಾವ ಪೇಪರಿನಲ್ಲೂ ನಾನು ನೋಡಿರಲಿಲ್ಲ. ಅವರ ಸಂಸತ್ತಿನ 45ರಲ್ಲಿ 30 ಸ್ಥಾನ ಉತ್ಸಾಂಗ್, ಖಾಮ್, ಅಮ್ದೋ ಅನ್ನೋ ಮೂರು ಹಳೇ ಪ್ರಾಂತ್ಯಕ್ಕೆ ಹತ್ತತ್ತು. ಧರ್ಮದ ಐದು ಪಂಥಕ್ಕೆ ಎರಡೆರಡು. ಉತ್ತರ ಅಮೆರಿಕಕ್ಕೆ 2, ಯುರೋಪಿಗೆ 2, ಆಸ್ಟ್ರೇಲಿಯಾ ಏಷ್ಯಾ ಕಡೆಗೆ 1. ಅಂದರೆ ಬೈಲುಕುಪ್ಪೆಯಲ್ಲಿ ಹುಟ್ಟಿ, ಟಿಬೆಟ್ ಕಣ್ಣಲ್ಲೇ ನೋಡದ ಹುಡುಗಿ ಕೂಡ ತಾತನ ಪ್ರಾಂತ್ಯದ ಲೆಕ್ಕದಲ್ಲೇ ವೋಟು ಹಾಕಬೇಕು. ಬೈಲುಕುಪ್ಪೆಗೆ ಅಂತ ಒಬ್ಬ ಪ್ರತಿನಿಧಿ ಇಲ್ಲ. "ನಮ್ಮ ಕ್ಯಾಂಪಿನ ನೀರಿನ ಕಷ್ಟ ಯಾರ ಹತ್ತಿರ ಹೇಳೋದು?" ಅಂತ ಆಂಟಿ ಕೇಳಿದರು. ಪ್ರಾಂತ್ಯ ಬಿಟ್ಟರೆ ಟಿಬೆಟ್‌ನ ನಕ್ಷೆಯೇ ಮರೆತುಹೋಗುತ್ತೆ ಅಂತ ಅವರ ಯಜಮಾನರ ವಾದ. ಇಬ್ಬರೂ ಸರಿ ಅನ್ನಿಸಿತು ನನಗೆ.

ರೈತನ ಮಗ:

ಒಂದು ಸಂದೇಹ, ಡೋಲ್ಮಾ ಅವರಿಗೆ. ಇಲ್ಲೇ ಹುಟ್ಟಿದ್ದೀರಿ, ಕನ್ನಡ ಬರುತ್ತೆ. ಭಾರತದ ಪೌರತ್ವ ತಗೊಂಡು ಇಲ್ಲೇ ವೋಟು ಹಾಕಬಹುದಲ್ಲ? ತಗೊಳ್ಳಲ್ಲ ಯಾಕೆ? ಇದು ಕುಹಕ ಅಲ್ಲ, ನಿಜವಾಗಿ ಕೇಳ್ತಿದ್ದೀನಿ.

ಡೋಲ್ಮಾ ಬೆಂಗಳೂರು:

ಕೇಳಿದ್ದು ಒಳ್ಳೆಯದಾಯ್ತು ಅಣ್ಣ. ನಮ್ಮಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇಲ್ಲ.

1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಕಾನೂನು ಇದೆ. ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು, ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2014ರಲ್ಲಿ ಚುನಾವಣಾ ಆಯೋಗ ಅಂಥವರನ್ನ ಮತದಾರರ ಪಟ್ಟಿಗೆ ಸೇರಿಸಿ ಅಂತು. ನಮ್ಮ ಅಣ್ಣ ಹುಟ್ಟಿದ್ದು 1985. 2018ರ ವಿಧಾನಸಭೆ ಚುನಾವಣೆಗೆ ಅವನು ವೋಟು ಹಾಕಿದ. ಬೆರಳಿನ ಶಾಯಿ ತೋರಿಸಿಕೊಂಡು ಬಂದ, ಅಜ್ಜಿ ಏನೂ ಮಾತಾಡದೆ ಒಳಗೆ ಹೋದರು. ನಾನು ಹುಟ್ಟಿದ್ದು 1990. ಒಂದೇ ಮನೆ, ಒಂದೇ ತಾಯಿ. ಅವನು ಭಾರತೀಯ, ನಾನು ವಿದೇಶಿ. ನನ್ನ ಹತ್ತಿರ ಇರೋದು ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪುಸ್ತಕ. ಅದನ್ನ ಆಗಾಗ ನವೀಕರಿಸಬೇಕು.

ಪಾಸ್‌ಪೋರ್ಟ್ ಬೇಕಂದರೆ ಆರ್‌ಸಿ ವಾಪಸ್ ಕೊಡಬೇಕು, ಕ್ಯಾಂಪಿನಲ್ಲಿ ಇರಬಾರದು, ಅಲ್ಲಿನ ಸವಲತ್ತು ತಗೋಬಾರದು ಅಂತ 2017ರಲ್ಲಿ ಷರತ್ತು ಬಂತು. ಅಂದರೆ ಅಪ್ಪ ಅಮ್ಮ ಇರೋ ಮನೆ ಬಿಡಬೇಕು. ನಮ್ಮವರಲ್ಲಿ ಕೆಲವರು ಪೌರತ್ವ ತಗೊಂಡರೆ ಹೋರಾಟಕ್ಕೆ ದ್ರೋಹ ಅಂತಾರೆ. ಇನ್ನು ಕೆಲವರು ಪಾಸ್‌ಪೋರ್ಟ್ ಇದ್ದರೆ ಹೊರದೇಶದಲ್ಲಿ ಇನ್ನೂ ಜೋರಾಗಿ ಹೋರಾಡಬಹುದು ಅಂತಾರೆ. ಪ್ರತಿ ಮನೆಯಲ್ಲೂ ಈ ಮಾತು ನಡೆಯುತ್ತೆ. ಪೇಪರಿನಲ್ಲಿ ಮಾತ್ರ "ಟಿಬೆಟಿಯನ್ನರಿಗೆ ಮತದಾನದ ಸಂಭ್ರಮ" ಅಂತ ಒಂದು ಫೋಟೋ ಬರುತ್ತೆ.

ಹೊರದೇಶದ ಮಾಧ್ಯಮ ಒಳ್ಳೆಯದು ಅಂತಲೂ ನಾನು ಹೇಳಲ್ಲ. 2008ರಲ್ಲಿ ಟಿಬೆಟ್‌ನಲ್ಲಿ ಗಲಭೆ ಆದಾಗ ನೇಪಾಳದ ಪೊಲೀಸರು ಹೊಡೆಯುವ ಚಿತ್ರವನ್ನ ಚೀನಾ ಪೊಲೀಸರು ಅಂತ ಜರ್ಮನಿಯ ಕೆಲವು ಚಾನೆಲ್‌ಗಳು ತೋರಿಸಿದವು. ನಮ್ಮ ಪರ ಅಂತ ಮಾಡಿದ ತಪ್ಪು, ಪೆಟ್ಟು ಬಿದ್ದದ್ದು ನಮಗೇ. ಟಿಬೆಟ್ ಬಗ್ಗೆ ಬರೋದೆಲ್ಲ ಸುಳ್ಳು ಅಂತ ಹೇಳೋಕೆ ಚೀನಾಕ್ಕೆ ಅಷ್ಟೇ ಸಾಕಾಯ್ತು.

ಮತ್ತೆ ನಮ್ಮ ಸ್ವಂತ ಸುದ್ದಿ? ನಮ್ಮ ಅಜ್ಜಿ ಬೆಳಿಗ್ಗೆ ಬೆಣ್ಣೆ ಚಹಾ ಕುಡೀತಾ ಟಿಬೆಟನ್ ರೇಡಿಯೋ ಕೇಳೋರು. ವಾಯ್ಸ್ ಆಫ್ ಅಮೆರಿಕಾ, ರೇಡಿಯೋ ಫ್ರೀ ಏಷ್ಯಾ, ಎರಡೂ ಅಮೆರಿಕ ಸರ್ಕಾರದ ದುಡ್ಡಿನಲ್ಲಿ ನಡೀತಿದ್ದವು. 2025ರ ಮಾರ್ಚ್‌ನಲ್ಲಿ ಆ ದುಡ್ಡು ನಿಲ್ಲಿಸಿದರು. ಅಜ್ಜಿ ಒಂದು ವಾರ ರೇಡಿಯೋದ ಸೆಲ್ ಬದಲಾಯಿಸಿ ಬದಲಾಯಿಸಿ ನೋಡಿದರು. ಸೆಲ್‌ದು ತಪ್ಪಿಲ್ಲ ಅಂತ ನಾನೇ ಹೇಳಬೇಕಾಯ್ತು.

ರೈತನ ಮಗ:

ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಜಮೀನಿನ ವಿಷಯದಲ್ಲಿ ನನ್ನ ಮಾತು ನಾನು ಬದಲಾಯಿಸಲ್ಲ, ಭೂಮಿ ಇಲ್ಲದ ನಮ್ಮವರಿಗೂ ಸಿಗಬೇಕು. ಆದರೆ ಅದು ಸರ್ಕಾರದ ಹತ್ತಿರ ಕೇಳಬೇಕಾದ್ದು, ನಿಮ್ಮ ಹತ್ತಿರ ಅಲ್ಲ. ಅಣ್ಣ ತಂಗಿಗೆ ಬೇರೆ ಬೇರೆ ದೇಶ ಅನ್ನೋದು ಓದಿ ಮನಸ್ಸು ಒಂಥರಾ ಆಯ್ತು.

ಹಳೇ ಸ್ಟ್ರಿಂಗರ್:

ಮುಂಡಗೋಡದವರೇ, ಹಳೇ ಪೆನ್‌ಡ್ರೈವ್‌ನಲ್ಲಿ ಸಿಕ್ಕಿತು. ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್‌ಗೆ ಬದಲಾಯಿಸಿ ನಾಳೆ ಹಾಕ್ತೀನಿ. ಡೋಲ್ಮಾ, ಹಾಕುವ ಮುಂಚೆ ನೀವೊಮ್ಮೆ ಓದಿ. ಹೆಸರುಗಳನ್ನ ನಾನು ತಪ್ಪಾಗಿ ಬರೆದಿರ್ತೀನಿ.

ಡೋಲ್ಮಾ ಬೆಂಗಳೂರು:

ಕಳಿಸಿ ಸಾರ್, ಖಂಡಿತ ಓದ್ತೀನಿ. ಮಂಜು ಅಣ್ಣ, ಸೆಪ್ಟೆಂಬರ್ 2ಕ್ಕೆ ಬಿಡುವು ಮಾಡ್ಕೊಳ್ಳಿ. 1960ರಲ್ಲಿ ನಮ್ಮ ಮೊದಲ ಸಂಸದರು ಪ್ರಮಾಣ ತಗೊಂಡ ದಿನ ಅದು, ಕ್ಯಾಂಪಿನಲ್ಲಿ ಕಾರ್ಯಕ್ರಮ ಇರುತ್ತೆ. ಮಳೆ ಬಂದರೆ ಹಾಲ್ ಒಳಗೆ. ಭಾಷಣ ಪೂರ್ತಿ ಟಿಬೆಟನ್‌ನಲ್ಲಿ ಇರುತ್ತೆ, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳ್ತೀನಿ.

ಕೊಪ್ಪದ ಮಂಜು:

ಬರ್ತೀನಿ. ನನ್ನ ಮಗನನ್ನೂ ಕರ್ಕೊಂಡು ಬರ್ತೀನಿ. ಅವನು ಎಂಟನೇ ಕ್ಲಾಸು, ಕೈಬರಹ ಚೆನ್ನಾಗಿದೆ, ನೀವು ಹೇಳಿದ್ದನ್ನ ಬರ್ಕೊಳ್ಳಲಿ.